ಮಾಯಪ್ಪ ಮುಗಿಸಿದ ಹನ್ನೊಂದು ಚಿತ್ರಗಳು

ಮಿಸ್ ಹೇಲ್ ನನ್ನ ಚಿತ್ರಗಳನ್ನೆಲ್ಲ ಒಂದೊಂದಾಗಿ ನೋಡಿ, ಕಟ್ಟನ್ನು ತಿರುಗಿ ನನ್ನ ಕೈಗಿಟ್ಟು, "ಬಹಳ ಸರಿಯಾಗಿವೆ" ಅಂದಳು. ಚಿತ್ರ ಬರೆಯುವವನಿಗೆ ಇದಕ್ಕಿಂತ ಕೆಟ್ಟ ಬೈಗುಳ ಇನ್ನೊಂದಿಲ್ಲ. ಹೂಜಿ ಹೂಜಿಯ ಹಾಗಿದೆ, ಕುರ್ಚಿ ಕುರ್ಚಿಯ ಹಾಗಿದೆ, ನೆರಳು ಬೀಳಬೇಕಾದ ಕಡೆಗೇ ಬಿದ್ದಿದೆ, ಇನ್ನು ಮನೆಗೆ ಹೋಗು ಎಂದರ್ಥ. ನಾನು "ಥ್ಯಾಂಕ್ಯೂ" ಅಂದೆ. ಹಲ್ಲು ಕಿರಿದೆ ಕೂಡ.

ಅದು ೧೯೩೪ರ ಚಳಿಗಾಲ. ನಾನು ಗೋಕಾಕದ ಸಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಹುಕ್ಕೇರಿ ತಾಲೂಕಿನ ಕಣಗಲಾದ ಜೈನ ಒಕ್ಕಲು ಮನೆತನದವನು, ಹೆಸರು ಆಬಾಸಾಹೇಬ. ಮುಂಬಯಿ ಸರಕಾರದ ಚಿತ್ರಕಲೆಯ ಎರಡೂ ಪರೀಕ್ಷೆ ಪಾಸಾಗಿದ್ದೆ. ಮುಂದೆ ಮುಂಬಯಿಗೇ ಹೋಗಿ ಕಲಿಯುತ್ತೇನೆಂದಾಗ ಅಪ್ಪ, "ಹೊಲಾ ಬಿಟ್ಟು ಗ್ವಾಡಿಗೆ ಬಣ್ಣಾ ಬಡ್ಯಾಕ ಹೊಂಟಿಯೇನು?" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು. ನನ್ನ ಹೊಟ್ಟೆಯೊಳಗೆ ಮಾತ್ರ ಮುಗಿಯಲಿಲ್ಲ.

ಮಿಸ್ ಹೇಲ್ ಆಸ್ಟ್ರೇಲಿಯಾದ ಮೆಲ್ಬರ್ನ್ ಪಟ್ಟಣದ ಚಿತ್ರಗಾರ್ತಿ. ಐವತ್ತರ ಹತ್ತಿರದ ಒಣಕಲು ಹೆಂಗಸು. ಗೋಕಾಕದ ಜಲಪಾತ ನೋಡಲು ಬಂದವಳು ಬಂಡೆಗಳ ಮೇಲಿನ ಬಿಸಿಲಿಗೆ ಮರುಳಾಗಿ ಪ್ರವಾಸಿ ಬಂಗಲೆಯಲ್ಲಿ ಎರಡು ತಿಂಗಳು ಉಳಿದುಬಿಟ್ಟಳು. ಇಂಗ್ಲಿಷೂ ಬಣ್ಣಗಳ ಹೆಸರೂ ಎರಡೂ ಗೊತ್ತಿದ್ದವನು ಬೇಕೆಂದಾಗ ಹೆಡ್ ಮಾಸ್ತರರು ನನ್ನನ್ನು ಕಳಿಸಿದರು. ಸಾಲೆ ಬಿಟ್ಟ ಮೇಲೆ ಮತ್ತು ಭಾನುವಾರಗಳಲ್ಲಿ ನಾನು ಆಕೆಯ ಕೊಡೆ ಹೊತ್ತೆ, ಆಕೆಯ ಪರವಾಗಿ ಮಾತಾಡಿದೆ.

ಸುಳ್ಳು ಯಾಕೆ ಹೇಳಲಿ, ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಆಕೆಯ ಹತ್ತಿರ ತನ್ನ ದೇಶದ ಚಿತ್ರಗಾರರ ಮುದ್ರಿತ ಪಟಗಳ ಒಂದು ಕಟ್ಟಿತ್ತು. ಸಂಜೆ ಬಂಗಲೆಯ ಕಟ್ಟೆಯ ಮೇಲೆ ಅವನ್ನು ಹರಡಿ ಹೇಳುತ್ತ ಕೂರುತ್ತಿದ್ದಳು. ಸ್ಟ್ರೀಟನ್ ಎಂಬಾತ ಬಿಸಿಲನ್ನು ನೀಲಿ ಮತ್ತು ಹೊಂಬಣ್ಣ ಎರಡರಲ್ಲೇ ಹಿಡಿದುಬಿಡುತ್ತಾನಂತೆ. ಹೈಸನ್ ಎಂಬಾತ ನೀಲಗಿರಿ ಮರಗಳನ್ನು ಮನುಷ್ಯರ ಚಿತ್ರ ಬರೆಯುವ ಗೌರವದಿಂದ ಬರೆಯುತ್ತಾನೆ. ತೊಗಟೆ ಸುಲಿದು ನಿಂತ ಆ ಮರಗಳ ಮೈಯನ್ನು ನೋಡಿದರೆ ಮುಟ್ಟಬೇಕೆನಿಸುತ್ತಿತ್ತು. ಆಕೆಯ ಸ್ವಂತ ಗುರು ಮೆಲ್ಡ್ರಮ್. ಲೋಕದಲ್ಲಿ ಗೆರೆ ಅನ್ನುವುದೇ ಇಲ್ಲ, ಇರುವುದು ಬೆಳಕು ಕತ್ತಲೆ ಎರಡೇ, ಕಣ್ಣು ಅರ್ಧ ಮುಚ್ಚಿ ದೂರ ನಿಂತು ನೋಡಿ ಬರೆಯಿರಿ ಎಂದು ಆತನ ಪಾಠ. ಅದಕ್ಕೇ ಆಕೆ ಹತ್ತು ಹೆಜ್ಜೆ ಹಿಂದೆ ಹೋಗಿ, ಓಡಿ ಬಂದು ಒಂದು ಬಣ್ಣ ಇಟ್ಟು, ಮತ್ತೆ ಹಿಂದೆ ಹೋಗುತ್ತಿದ್ದಳು. ಬಟ್ಟೆ ಒಗೆಯುವ ಹೆಂಗಸರು ಮುಸಿಮುಸಿ ನಗುತ್ತಿದ್ದರು. ಆದರೆ ಆ ಕಟ್ಟಿನ ತಳದಲ್ಲಿ, ಗುರುವಿನ ಕಣ್ಣು ತಪ್ಪಿಸಿ ಇಟ್ಟ ಹಾಗೆ, ಮಾರ್ಗರೆಟ್ ಪ್ರೆಸ್ಟನ್ ಎಂಬಾಕೆಯ ಪಟಗಳಿದ್ದವು. ಮರದ ಅಚ್ಚಿನಲ್ಲಿ ಒತ್ತಿದ ಅವರ ದೇಶದ ಕಾಡುಹೂಗಳು. ದಪ್ಪ ಕರಿಗೆರೆ, ಒಳಗೆ ಕೈಯಿಂದ ತುಂಬಿದ ಚಪ್ಪಟೆ ಬಣ್ಣ. "ಇದು ನನ್ನ ಗುರುವಿಗೆ ಪೂರ್ತಿ ವಿರುದ್ಧ. ಆದರೂ ಬಿಡಲಾಗುವುದಿಲ್ಲ" ಅನ್ನುತ್ತಿದ್ದಳು.

ಆ ಪಟಗಳನ್ನು ನೋಡಿಯೇ ನಾನು ಆಕೆಯನ್ನು ಮಾಯಪ್ಪನ ಮನೆಗೆ ಕರೆದೊಯ್ದದ್ದು. ನನ್ನ ಕೈಯಾರೆ ಮಾಡಿಕೊಂಡ ಕೆಲಸ.

ಮಾಯಪ್ಪ ಚಿತ್ರಗಾರರವನು, ಗೊಂಬೆ ಮಾಡುವ ಮನೆತನ. ನನಗಿಂತ ಹತ್ತು ವರ್ಷ ದೊಡ್ಡವನು. ಅವನು ನನಗೆ 'ರಿ' ಹಚ್ಚಿ ಮಾತಾಡುತ್ತಿದ್ದ, ನಾನು ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೆ. ಹಾಗೇ ನಡೆದು ಬಂದಿತ್ತು, ನಾನೂ ತಿದ್ದಲು ಹೋಗಲಿಲ್ಲ. ಅವನ ಪಡಸಾಲೆಯಲ್ಲಿ ಕೊಡ ಹೊತ್ತ ಒಂದು ಮರದ ಹೆಣ್ಣಿತ್ತು. ಮಿಸ್ ಹೇಲ್ ಅದರ ಮುಂದೆ ನೆಲದ ಮೇಲೆ ಕೂತವಳು ಅರ್ಧ ತಾಸು ಏಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಪ್ರೆಸ್ಟನ್ ಹುಡುಕುತ್ತಿರುವುದು ಈ ಗೆರೆಯನ್ನೇ. ಈತನಿಗೆ ಅದು ಅಜ್ಜನಿಂದ ಬಂದಿದೆ" ಅಂದಳು. ನಾನು ಅದನ್ನು ಮಾಯಪ್ಪನಿಗೆ ಅರ್ಧಂಬರ್ಧ ಹೇಳಿದೆ. ನನ್ನ 'ಬಹಳ ಸರಿ'ಯಾದ ಚಿತ್ರಗಳ ಕಟ್ಟು ಆಗಲೂ ನನ್ನ ಕಂಕುಳಲ್ಲಿತ್ತು.

ಅಷ್ಟರಲ್ಲಿ ಆಕೆಯ ಕ್ಯಾನ್ವಾಸ್ ಬಟ್ಟೆ ತೀರಿತು. ಮಾಯಪ್ಪ ಗೊಂಬೆಯ ಹಗುರ ಮರವನ್ನು ತೆಳ್ಳಗೆ ಸೀಳಿ ಹಲಗೆ ಮಾಡಿಕೊಟ್ಟ. ಅವನ ಹೆಂಡತಿ ಕಾಶೆವ್ವ ಹುಣಸೆಬೀಜದ ಅಂಟಿನಲ್ಲಿ ಬಿಳಿಮಣ್ಣು ಕಲಸಿ ಅವಕ್ಕೆ ಬಳಿದಳು. ಒಂಬತ್ತು ಇಂಚು ಉದ್ದ, ಐದು ಇಂಚು ಅಗಲವೇ ಆಗಬೇಕೆಂದು ಮಿಸ್ ಹೇಲ್ ಹಟ ಹಿಡಿದಳು. ಅದಕ್ಕೂ ಒಂದು ಕಥೆ ಹೇಳಿದಳು. ನಲವತ್ತೈದು ವರ್ಷದ ಹಿಂದೆ ಮೆಲ್ಬರ್ನಿನಲ್ಲಿ ರಾಬರ್ಟ್ಸ್, ಸ್ಟ್ರೀಟನ್, ಕಾಂಡರ್ ಮೊದಲಾದವರು ಸಿಗಾರ್ ಪೆಟ್ಟಿಗೆಯ ಮುಚ್ಚಳಗಳ ಮೇಲೆ ಬಯಲಿನಲ್ಲೇ ಬಿರಬಿರನೆ ಬರೆದ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟರು. ಅಳತೆ ಇದೇ. ಪತ್ರಿಕೆಯಲ್ಲಿ ಒಬ್ಬ ದೊಡ್ಡ ವಿಮರ್ಶಕ ಅವನ್ನು ಕಟುವಾಗಿ ಹೀನೈಸಿ ಬರೆದ, ಇವು ಪೂರ್ತಿ ಮಾಡಿದ ಚಿತ್ರಗಳೇ ಅಲ್ಲವೆಂಬಂತೆ. ಆ ಹುಡುಗರು ಆ ಬರಹವನ್ನೇ ಕತ್ತರಿಸಿ ಬಾಗಿಲಿಗೆ ಅಂಟಿಸಿದರು. ನೋಡಲು ಜನ ಮುಗಿಬಿದ್ದರು. "ಚಿತ್ರ ಯಾವಾಗ ಮುಗಿಯಿತು ಅನ್ನುವುದನ್ನು ಹೇಳಬೇಕಾದವನು ಬರೆದವನೇ" ಅಂದಳು ಮಿಸ್ ಹೇಲ್. ನನಗೆ ಆ ಮಾತು ಚೆನ್ನಾಗಿ ಅರ್ಥವಾಗಿತ್ತು. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಬೇಕು.

ಆ ಹಲಗೆಗಳ ಮೇಲೆ ಆಕೆ ಹನ್ನೊಂದು ಚಿತ್ರ ಬರೆದಳು. ಘಟಪ್ರಭೆಯ ದಂಡೆ, ಬಂಡೆಗಳ ಮೇಲೆ ಇಳಿಬಿಸಿಲು, ನೀರಿಗೆ ಹೊರಟ ಹೆಂಗಸರು, ಧೂಳಿನಲ್ಲಿ ಎತ್ತುಗಳು, ಹೊಸ್ತಿಲ ಮೇಲೆ ಕೂತ ಕಾಶೆವ್ವ. ಎಲ್ಲವೂ ಮಬ್ಬು ಮಬ್ಬು. ಮುಖವೆಂದರೆ ಒಂದು ಕಂದು ಬಣ್ಣದ ಗುರುತು, ಸೀರೆಯೆಂದರೆ ಒಂದು ಎಳೆತ. ಹತ್ತು ಹೆಜ್ಜೆ ದೂರ ನಿಂತರೆ ಮಾತ್ರ ಆ ಹೊತ್ತಿನ ಬಿಸಿ ಮೈಗೆ ತಾಗುತ್ತಿತ್ತು. ಮಾರ್ಚ್ ತಿಂಗಳಲ್ಲಿ ನಡೆಯುವ ಮೆಲ್ಬರ್ನಿನ ಪ್ರದರ್ಶನಕ್ಕೆ ಇವು ಹಡಗಿನಲ್ಲಿ ಹೋಗಬೇಕಿತ್ತು.

ಬಿಜಾಪುರ ನೋಡಿಬರಲು ಹೊರಡುವ ಹಿಂದಿನ ದಿನ ಆಕೆ ಒಂದು ಪತ್ರ ಬರೆದು ನನ್ನ ಮುಂದೆ ಹಿಡಿದಳು. ಮುಂಬಯಿಯ ಒಂದು ಕಲಾಶಾಲೆಯ ಮುಖ್ಯಸ್ಥರಿಗೆ. ಮರಗೆಲಸ ಮತ್ತು ಬಣ್ಣದ ಕೆಲಸ ಕಲಿಸಲು ಅವರಿಗೊಬ್ಬ ಬೇಕಾಗಿದ್ದ. ಮಾಯಪ್ಪನನ್ನೇ ತೆಗೆದುಕೊಳ್ಳಿ, ಇಂಥ ಕೈ ನಾನು ಎರಡು ಖಂಡಗಳಲ್ಲಿ ನೋಡಿಲ್ಲ ಎಂದು ಬರೆದಿದ್ದಳು. ಕೊನೆಯಲ್ಲಿ ನನ್ನ ಹೆಸರೂ ಇತ್ತು. "ಇಲ್ಲಿನ ಡ್ರಾಯಿಂಗ್ ಶಿಕ್ಷಕ ಇವನಿಗೆ ಪ್ರಯಾಣದಲ್ಲಿ ನೆರವಾಗುತ್ತಾನೆ. ಉಪಕಾರಿ ಮನುಷ್ಯ."

ಉಪಕಾರಿ. ನಾನು ಇಪ್ಪತ್ತು ವರ್ಷ ಕನಸು ಕಂಡ ಊರಿಗೆ ಇವನನ್ನು ಕೈಹಿಡಿದು ಬಿಟ್ಟುಬರುವ ಕೆಲಸ ನನಗೆ.

"ಅಂಚೆಗೆ ಹಾಕು" ಅಂದಳು. ಜೇಬಿಗೆ ಹಾಕಿಕೊಂಡೆ.

ಮಾಯಪ್ಪನಿಗೆ ಆ ಕೆಲಸ ಅಂದರೆ ಏನು ಎಂಬುದು ನನಗೆ ಗೊತ್ತಿತ್ತು. ಪೇಟೆಗೆ ಜಪಾನಿನ ರಬ್ಬರು ಗೊಂಬೆ ಬಂದು ಅವನ ಗೊಂಬೆ ಕೊಳ್ಳುವವರು ಕಡಿಮೆಯಾಗಿದ್ದರು. ತಿಂಗಳಿಗೆ ಪಗಾರ, ಮೇಲೆ ಮಾಸ್ತರ ಎಂಬ ಹೆಸರು. ಈ ಸುದ್ದಿಯನ್ನು ಮಿಸ್ ಹೇಲ್ ನನ್ನ ಬಾಯಿಂದಲೇ ಅವನಿಗೆ ಹೇಳಿಸಿದ್ದಳು. "ನಮ್ಮ ಮನಿತನದಾಗ ಯಾರಿಗೂ ಕುರ್ಚಿ ಮ್ಯಾಲ ಕುಂತು ಕಲಸೂ ಯೋಗ ಬಂದಿಲ್ರಿ" ಎಂದು ಅವನು ನನಗೆ ಹೇಳಿದ್ದ. ಕಾಶೆವ್ವ ಮುಂಬಯಿಯಲ್ಲಿ ಜೋಳ ಸಿಗುತ್ತದೋ ಇಲ್ಲವೋ ಎಂದು ಊರೆಲ್ಲ ಕೇಳಿಕೊಂಡು ಬಂದಿದ್ದಳು.

ಹನ್ನೊಂದು ಚಿತ್ರಗಳನ್ನು ಮಿಸ್ ಹೇಲ್ ಮಾಯಪ್ಪನ ಮನೆಯಲ್ಲೇ ಬಿಟ್ಟಳು. ಧೂಳು ತಾಗದ ಕಡೆ ಒಣಗಲಿ, ಅವಕ್ಕೊಂದು ಪೆಟ್ಟಿಗೆ ಮಾಡಿ ಕಳಿಸಲು ಸಿದ್ಧವಾಗಿಡಲಿ ಎಂದಳು. ಅಷ್ಟನ್ನೂ ನಾನು ಸರಿಯಾಗಿಯೇ ತಿಳಿಸಿದೆ. ಮೂರನೆಯ ದಿನ ಬೆಳಿಗ್ಗೆ ಮಾಯಪ್ಪ ಎರಡು ಹಲಗೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಮನೆಗೆ ಬಂದ.

"ಮಾಸ್ತರ, ಒಂದು ಮಾತು ಕೇಳೂದಿತ್ರಿ. ಇವು ಮುಗದಾವೇನ್ರಿ?"

"ಯಾಕ?"

"ಕಾಶೆವ್ವನ ಮಾರಿ ಐತಿ, ಕಣ್ಣಿಲ್ಲ. ಎತ್ತಿನ ಕೊಂಬು ಎಲ್ಲಿ ಮುಗೀತೈತಿ, ಆಕಾಶ ಎಲ್ಲಿ ಸುರು ಆಗತೈತಿ ತಿಳೀವಲ್ದು. ದೂರ ನಿಂತು ನೋಡಿದ್ರ ಎಲ್ಲಾ ಐತಿ ಅನಸತೈತ್ರಿ. ಹತ್ರ ಬಂದ್ರ ಏನೂ ಇಲ್ಲ. ಪೆಟ್ಟಿಗಿ ನಮ್ಮ ಮನಿಯಿಂದ ಹೊಂಡೂದೈತಿ. ಕಡೀ ಕೆಲಸ ನನಗ ಬಿಟ್ಟು ಹೋಗ್ಯಾರೇನು ಅಂತ ಮನಸಿನ್ಯಾಗ ಬಂತು."

ಅವನು ಹಾಗೆ ಕೇಳಿದ್ದರಲ್ಲಿ ವಿಚಿತ್ರವೇನೂ ಇರಲಿಲ್ಲ. ಅವರ ಮನೆಯಲ್ಲಿ ಗೊಂಬೆ ಒಬ್ಬನದಲ್ಲ. ತಮ್ಮ ಮರ ಕೆತ್ತುತ್ತಾನೆ, ಕಾಶೆವ್ವ ಬಿಳಿ ಬಳಿಯುತ್ತಾಳೆ, ತಮ್ಮನ ಹೆಂಡತಿ ಬಣ್ಣ ತುಂಬುತ್ತಾಳೆ, ಕೊನೆಗೆ ಗೆರೆ ಎಳೆದು ಕಣ್ಣು ಬರೆಯುವವನು ಮನೆಯ ಹಿರಿಯ. ಯಾರ ಕೈಕೆಲಸ ಅರ್ಧಕ್ಕೆ ನಿಂತರೂ ಹಿರಿಯ ಮುಗಿಸಬೇಕು. ಕಣ್ಣಿಲ್ಲದ್ದು ಹೊಸ್ತಿಲು ದಾಟಿದರೆ ಮನೆತನಕ್ಕೆ ಕೆಟ್ಟ ಹೆಸರು. ಯಾರಾದರೂ ತನ್ನ ಹತ್ತಿರ ಕಣ್ಣಿಲ್ಲದ ಆಕೃತಿಗಳನ್ನು ಬಿಟ್ಟುಹೋದರೆ ಮಾಯಪ್ಪನಿಗೆ ಅದು ತನಗೆ ಕೊಟ್ಟ ಮರ್ಯಾದೆಯಾಗಿ ಕಾಣುವುದು ಸಹಜ.

ನನ್ನನ್ನು ಸುಟ್ಟದ್ದು ಅದಲ್ಲ. ದೂರ ನಿಂತರೆ ಎಲ್ಲಾ ಇದೆ, ಹತ್ತಿರ ಬಂದರೆ ಏನೂ ಇಲ್ಲ. ಆಕೆ ವಾರಗಟ್ಟಲೆ ನನ್ನ ತಲೆಗೆ ತುಂಬಿದ ಪಾಠವನ್ನು ಈ ಮನುಷ್ಯ ಯಾರೂ ಹೇಳಿಕೊಡದೆ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದ.

"ಎಲ್ಲಿ ಮುಗದಾವು?" ಅಂದೆ. "ಕಣ್ಣಿಲ್ಲ ಮೂಗಿಲ್ಲ, ಇದನ್ನ ಯಾರರ ಮುಗದೈತಿ ಅಂತಾರೇನು? ನಿನ್ನ ಕೈ ಮ್ಯಾಲ ಅಷ್ಟು ನಂಬಿಗಿ ಅದಕ್ಕ ಬಿಟ್ಟಾರ. ಮುಗಸು."

"ಬಾಯಿಸಾಹೇಬ್ರು ಬಂದ ಮ್ಯಾಲ ಕೇಳಿ ಮಾಡಿದ್ರ?"

"ಬಂದ ಮರುದಿನಾನ ಪೆಟ್ಟಿಗಿ ಹೋಗಬೇಕು. ಆಗ ಎಲ್ಲಿ ವ್ಯಾಳ್ಯಾ ಸಿಗತೈತಿ?"

ಅವನು ಕೈಮುಗಿದು ಹೋದ. ಒಳಗಿನಿಂದ ನನ್ನ ಹೆಂಡತಿ ಜಿನ್ನವ್ವ ಬಂದು ನಿಂತಳು. "ಅವು ಮುಗದಾವು, ಭಾಳ ಚಂದ ಅದಾವು ಅಂತ ಮೊನ್ನಿ ನೀವ ಅಂದಿದ್ರಲ್ರಿ?"

"ಒಲಿ ಮ್ಯಾಲಿನ ಹಾಲು ನೋಡು" ಅಂದೆ.

ಆರನೆಯ ದಿನ ಅವನ ಮನೆಗೆ ಹೋದೆ. ಏಳು ಮುಗಿದಿದ್ದವು, ನಾಲ್ಕು ಉಳಿದಿದ್ದವು. ಆಗಲಾದರೂ ತಡೆಯಬಹುದಿತ್ತು. ಮಾಯಪ್ಪ ಬಣ್ಣವನ್ನು ಎಣ್ಣೆಯಲ್ಲಿ ಅರೆದು, ಅಳಿಲಿನ ಕೂದಲಿನ ಕುಂಚದಿಂದ ಉಸಿರು ಹಿಡಿದು ಗೆರೆ ಎಳೆಯುತ್ತಿದ್ದ. ಹೆಂಗಸರಿಗೆ ಉದ್ದನೆಯ ಕಣ್ಣು ಬಂದಿದ್ದವು, ಮೂಗುತಿ ಬಂದಿತ್ತು, ಸೀರೆಗೆ ದಡಿ, ಎತ್ತಿನ ಕೊರಳಿಗೆ ಗಂಟೆ. ಮಬ್ಬು ಬಿಸಿಲೆಲ್ಲ ಕರಿಗೆರೆಯೊಳಗೆ ಕಟ್ಟುಬಿದ್ದಿತ್ತು. ಮೇಲೆ ರಾಳದ ಮೆರುಗು. ಅವು ತಮ್ಮ ರೀತಿಯಲ್ಲಿ ಚೆಂದವಾಗಿದ್ದವು, ಅದೇ ನನ್ನ ಸಂಕಟ. ಅವನು ಕೆಡಿಸುವಾಗಲೂ ನನಗಿಂತ ಚೆನ್ನಾಗಿ ಬರೆಯುತ್ತಿದ್ದ.

"ಚಲೋ ಬಂದಾವೇನ್ರಿ?" ಕೇಳಿದ.

"ಭಾಳ ಚಲೋ" ಅಂದೆ.

ಮಿಸ್ ಹೇಲ್ ಹತ್ತನೆಯ ದಿನ ಬಂದಳು. ಸ್ಟೇಶನ್ನಿನಿಂದ ನೇರವಾಗಿ ಮಾಯಪ್ಪನ ಮನೆಗೆ. ಕಾಶೆವ್ವ ಅಂಗಳ ಸಾರಿಸಿದ್ದಳು. ಮಾಯಪ್ಪ ತೊಳೆದ ಧೋತರ ಉಟ್ಟು, ಹೊಸ ಪೆಟ್ಟಿಗೆಯ ಮುಚ್ಚಳ ತೆಗೆದು, ಪಕ್ಕಕ್ಕೆ ಸರಿದು ನಿಂತ. ಮೊಮ್ಮಗನ ಮುಖ ತೋರಿಸುವವನ ಹಾಗೆ ಅವನ ಮುಖ ಅರಳಿತ್ತು.

ಆಕೆ ಮೊದಲನೆಯದನ್ನು ತೆಗೆದಳು, ಎರಡನೆಯದನ್ನು ತೆಗೆದಳು. ಹನ್ನೊಂದನ್ನೂ ಗೋಡೆಗೆ ಸಾಲಾಗಿ ಆನಿಸಿಟ್ಟಳು. ಅಭ್ಯಾಸಬಲದಿಂದ ಹತ್ತು ಹೆಜ್ಜೆ ಹಿಂದೆ ಹೋಗಿ ಕಣ್ಣು ಅರ್ಧ ಮುಚ್ಚಿದಳು. ಆಮೇಲೆ ಚೀಲದಿಂದ ಟರ್ಪೆಂಟೈನ್ ಬಾಟಲಿ ತೆಗೆದು, ಚಿಂದಿ ಅದ್ದಿ, ಕಾಶೆವ್ವನ ಚಿತ್ರದ ಮುಖದ ಮೇಲೆ ಮೆಲ್ಲಗೆ ಒರೆಸಿದಳು. ಮಾಯಪ್ಪನ ಗೆರೆಯ ಜೊತೆಗೆ ಕೆಳಗಿನ ಹಸಿ ಬಣ್ಣವೂ ಎದ್ದು ಬಂತು. ಹಲಗೆಯ ಬಿಳಿ ಕಂಡಿತು. ಚಿಂದಿಯನ್ನು ಕೆಳಗಿಟ್ಟಳು.

"ಯಾಕೆ ಹೀಗೆ ಮಾಡಿದ ಅಂತ ಕೇಳು" ಅಂದಳು ನನಗೆ. ದನಿ ಏರಿಸಲಿಲ್ಲ.

ಕೇಳಿದೆ. ಮಾಯಪ್ಪ ನನ್ನ ಕಡೆ ತಿರುಗಿದ.

"ನಾ ನಿಮ್ಮನ್ನ ಕೇಳಿದ್ನಲ್ರಿ ಮಾಸ್ತರ. ನೀವು ಮುಗಸು ಅಂದ್ರಿ. ಅದನ್ನ ಹೇಳ್ರಿ ಅವರಿಗೆ. ನಿಮ್ಮ ಮ್ಯಾಲ ಹಾಕಾಕತ್ತೇನಿ ಅಂತ ತಿಳೀಬ್ಯಾಡ್ರಿ. ನೀವೂ ಹಂಗ ತಿಳದಿದ್ರಿ, ನಾನೂ ಹಂಗ ತಿಳದ್ನಿ. ನಡದದ್ದನ್ನ ಅಷ್ಟ ಹೇಳ್ರಿ."

ಆ ಮನೆಯಲ್ಲಿ ಎರಡೂ ಭಾಷೆ ಬರುತ್ತಿದ್ದವನು ನಾನೊಬ್ಬನೇ.

"ನಿಮ್ಮ ಚಿತ್ರಗಳು ಮುಗಿದಿಲ್ಲ ಅಂತ ಈತ ತಿಳಿದನಂತೆ" ಅಂದೆ ಇಂಗ್ಲಿಷಿನಲ್ಲಿ. "ಇವರ ಕಸುಬಿನಲ್ಲಿ ಅಂಥದ್ದನ್ನು ಮನೆಯಿಂದ ಹೊರಗೆ ಕಳಿಸುವುದಿಲ್ಲ. ಇಂಥ ಚಿತ್ರಗಳನ್ನು ಈತ ಹಿಂದೆ ನೋಡಿಲ್ಲ. ನಾನು ಹತ್ತಿರವಿದ್ದೂ ತಡೆಯಲಿಲ್ಲ, ಅದಕ್ಕೆ ನನಗೆ ನಾಚಿಕೆಯಾಗಿದೆ." ಒಂದೊಂದು ವಾಕ್ಯವೂ ಖರೆ. ಅಂಥ ಅಚ್ಚುಕಟ್ಟಾದ ಕೆಲಸವನ್ನು ನಾನು ಕಾಗದದ ಮೇಲೆ ಎಂದೂ ಮಾಡಿರಲಿಲ್ಲ.

ಮಿಸ್ ಹೇಲ್ ಒಣ ನಗೆ ನಕ್ಕಳು. "ಮುಗಿದಿಲ್ಲ. ನಮ್ಮೂರಿನ ಪತ್ರಿಕೆಯವರಿಂದ ಕೇಳಿ ಸಾಕಾಗಿತ್ತು. ಇಷ್ಟು ಸಮುದ್ರ ದಾಟಿ ಬಂದು ಮತ್ತೆ ಕೇಳಬೇಕಾಯಿತು." ನನ್ನ ಹೆಗಲ ಮೇಲೆ ಕೈಯಿಟ್ಟಳು. "ನೀನು ಯಾಕೆ ನಾಚಬೇಕು. ನಿನ್ನದೇನು ತಪ್ಪು? ಆ ಪತ್ರ ಅಂಚೆಗೆ ಹಾಕಿದೆಯಾ?"

"ಇಲ್ಲ." ಹತ್ತು ದಿನದಿಂದ ಅದು ನನ್ನ ಕೋಟಿನ ಜೇಬಿನಲ್ಲೇ ಇತ್ತು.

"ಒಳ್ಳೆಯದಾಯಿತು, ಕೊಡು. ಬೇರೆಯವರ ಕೆಲಸದ ಮೇಲೆ ಕೈ ಇಡದೆ ಇರಲಾಗದವನನ್ನು ಕಲಿಯುವ ಹುಡುಗರ ನಡುವೆ ಬಿಡಲಾರೆ."

ಅದನ್ನು ನಾಲ್ಕು ತುಂಡು ಮಾಡಿ ಚೀಲಕ್ಕೆ ಹಾಕಿಕೊಂಡಳು. ಮುಂಬಯಿಯ ಮಾತು ಮುರಿಯಿತೆಂದು ಮಾಯಪ್ಪನಿಗೆ ಯಾರೂ ಹೇಳಬೇಕಾಗಲಿಲ್ಲ. ಮರುದಿನ ಆಕೆ ಹೋದಳು. ಹೋಗುವಾಗ ಪಟಗಳ ಕಟ್ಟನ್ನು ನನಗೆ ಕೊಟ್ಟಳು, ಪ್ರೆಸ್ಟನ್ನಳ ಹೂಗಳ ಸಮೇತ. ಆ ಹನ್ನೊಂದನ್ನು ಮಾಯಪ್ಪನ ಗೋಡೆಗೇ ಬಿಟ್ಟಳು.

ಅದೇ ಸಂಜೆ ಮಾಯಪ್ಪ ನನ್ನ ಮನೆಗೆ ಬಂದ. ಕಾಲರ್ ಹಿಡಿದು ಕೇಳುತ್ತಾನೆ ಎಂದುಕೊಂಡೆ. ಅವನು ಬಾಗಿಲಲ್ಲೇ ನಿಂತು, "ನಿಮ್ಮಂಥಾವ್ರು ಸಿಗೂದಿಲ್ರಿ ಮಾಸ್ತರ" ಅಂದ. "ಬ್ಯಾರೇದಾವ್ರು ಆಗಿದ್ರ ನನ್ನ ಮ್ಯಾಲ ಹಾಕಿ ಕೈ ತೊಳಕೋತಿದ್ರು. ನೀವು ಬಿಳೇ ಮಂದಿ ಮುಂದ ತಪ್ಪು ನಿಮ್ದ ಅಂತ ಒಪ್ಪಿಕೊಂಡ್ರಿ. ಅವರು ನಿಮಗ ಕ್ಷಮಾ ಮಾಡಿದ್ರು, ನನಗ ಅಷ್ಟ ಸಂತೋಷ. ಮುಂಬೈ ನನ್ನ ಹಣಿಯಾಗ ಬರದಿರಲಿಲ್ಲ."

"ಆತು ಬಿಡು" ಅಂದೆ ನಾನು.

ಅವನು ಅಷ್ಟಕ್ಕೇ ಬಿಡಲಿಲ್ಲ. ಪೇಟೆಯಲ್ಲಿ, ಕಟಿಂಗ್ ಅಂಗಡಿಯಲ್ಲಿ, ಕೋರ್ಟಿನ ಕಟ್ಟೆಯ ಮೇಲೆ, ಕೇಳಿದವರಿಗೂ ಕೇಳದವರಿಗೂ ಹೇಳಿದ. ಎರಡು ವರ್ಷದಲ್ಲಿ ನಾನು ಊರಿಗೇ ಸತ್ಯವಂತನಾದೆ. ಹೊಲದ ಗಡಿಯ ಜಗಳವಿರಲಿ, ಅಣ್ಣತಮ್ಮಂದಿರ ಪಾಲಿರಲಿ, ಪಂಚರಲ್ಲಿ ಡ್ರಾಯಿಂಗ್ ಮಾಸ್ತರ ಇರಲೇಬೇಕು. ಜನ ಆ ಮಾತು ತೆಗೆದಾಗೆಲ್ಲ ಜಿನ್ನವ್ವ ಎದ್ದು ಒಳಗೆ ಹೋಗುತ್ತಿದ್ದಳು. ಒಂದು ಮಾತು ಆಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಮಾಯಪ್ಪನ ಗೊಂಬೆ ವ್ಯಾಪಾರ ಪೂರ್ತಿ ನಿಂತಿತು. ಗಂಡ ಹೆಂಡತಿ ಇಬ್ಬರೂ ಮೂಡಲಗಿಗೆ ಮಗಳ ಮನೆಗೆ ಹೋದರು. ಅಲ್ಲಿ ಅವನು ಬಡಿಗನೊಬ್ಬನ ಕೈಕೆಳಗೆ ಚಕ್ಕಡಿಯ ಗಾಲಿಗಳಿಗೆ ಬಣ್ಣ ಹಚ್ಚುತ್ತಿದ್ದಾನೆಂದು ಕೇಳಿದೆ. ಗೋಡೆಗೆ ಬಣ್ಣ ಬಡಿಯುವವನೆಂದು ಅಪ್ಪ ಹೀಯಾಳಿಸಿದ್ದು ನನ್ನನ್ನು. ಗಾಲಿಗೆ ಬಡಿಯುವ ಪಾಳಿ ಬಂದದ್ದು ಮಾಯಪ್ಪನಿಗೆ.

೧೯೪೬ರ ಭಾದ್ರಪದದಲ್ಲಿ ನಮ್ಮ ದಶಲಕ್ಷಣ ಪರ್ವ ಮುಗಿಯಿತು. ಅದರ ಮರುದಿನ ಕ್ಷಮಾವಾಣಿ. ಜೈನರು ಬಂಧುಬಳಗ, ನೆರೆಹೊರೆ ಎಲ್ಲರ ಹತ್ತಿರ ಹೋಗಿ, ತಿಳಿದೋ ತಿಳಿಯದೆಯೋ ತಪ್ಪು ಮಾಡಿದ್ದರೆ ಕ್ಷಮಿಸಿ ಎಂದು ಕೇಳುವ ದಿನ. ಹನ್ನೆರಡು ವರ್ಷ ನಾನು ಗೋಕಾಕದ ಪ್ರತಿ ಮನೆಗೂ ಹೋಗಿ ಕೇಳಿದ್ದೆ, ಕೇಳಬೇಕಾದವನೊಬ್ಬನನ್ನು ಬಿಟ್ಟು. ಆ ವರ್ಷ ತಡೆಯಲಾಗಲಿಲ್ಲ. ಬೆಳಗಿನ ಸರ್ವಿಸ್ ಮೋಟಾರು ಹತ್ತಿ ಮೂಡಲಗಿಗೆ ಹೋದೆ.

ಮಾಯಪ್ಪ ಪಡಸಾಲೆಯಲ್ಲಿ ಗೋಡೆಗೆ ಆತು ಕೂತಿದ್ದ. ಮುದುಕನಾಗಿದ್ದ. ನನ್ನನ್ನು ಕಂಡು ಏಳಲು ಹೋದ, ನಾನು ಕೂರಿಸಿದೆ. ದಾರಿಯಲ್ಲೆಲ್ಲ ಜೋಡಿಸಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಮಾಯಪ್ಪಾ, ನಾ ನಿನಗ ಸುಳ್ಳ ಹೇಳಿದ್ದೆ. ಆ ಚಿತ್ರ ಮುಗದಾವು ಅಂತ ನನಗ ಗೊತ್ತಿತ್ತು. ನಿನಗ ಮುಂಬೈ ಸಿಗಬಾರದು ಅಂತ ಮುಗಸು ಅಂದೆ. ಬಾಯಿಸಾಹೇಬ್ರ ಮುಂದ ನೀ ಹೇಳಿದ್ದನ್ನ ನಾ ಹೇಳಲೇ ಇಲ್ಲ. ಎಲ್ಲಾ ನಿನ್ನ ಮ್ಯಾಲ ಬೀಳೂ ಹಂಗ ಮಾತಾಡಿದೆ."

ಅವನು ಹಲ್ಲಿಲ್ಲದ ಬಾಯಿ ತುಂಬ ನಕ್ಕ.

"ಕಾಶೆವ್ವ, ಕೇಳಿದಿಯೇನ? ಇವತ್ತ ಜೈನರ ಹಬ್ಬ ಐತಿ. ಈ ಮಂದಿ ಮಾಡದ ತಪ್ಪಿಗೂ ಕ್ಷಮಾ ಕೇಳತಾರ ನೋಡ." ನನ್ನ ಮೊಣಕಾಲ ಮೇಲೆ ಕೈಯಿಟ್ಟ. "ನಾ ಕಣ್ಣಾರೆ ನೋಡೇನ್ರಿ ಮಾಸ್ತರ. ನೀವು ಹೇಳಿದ ಮ್ಯಾಲ ಅವರು ನಿಮ್ಮ ಹೆಗಲ ಮ್ಯಾಲ ಕೈ ಇಟ್ರು. ಸುಳ್ಳ ಹೇಳಿದಾಂವಗ ಯಾರರ ಹಂಗ ಇಡತಾರೇನ್ರಿ? ಇನ್ನೂ ನನ್ನ ತಪ್ಪು ನಿಮ್ಮ ತಲಿ ಮ್ಯಾಲ ಹೊತಗೊಂಡು ತಿರಗಾಕತ್ತೀರಿ. ಆತು, ಹಬ್ಬದ ಮಾತಿಗೆ ಅನ್ನಬೇಕಲ್ಲ, ಕ್ಷಮಾ ಮಾಡೇನಿ."

ಕಾಶೆವ್ವ ಚಹಾದ ಬಟ್ಟಲು ಹಿಡಿದು ಒಳಬಾಗಿಲಲ್ಲಿ ನಿಂತಿದ್ದಳು. ಅವಳು ನಗಲಿಲ್ಲ. ನನ್ನ ಮುಖವನ್ನು ದಿಟ್ಟಿಸಿ ನೋಡಿ, ಬಟ್ಟಲು ಇಡದೆ ತಿರುಗಿ ಒಳಗೆ ಹೊರಟಳು.

"ಎಲ್ಲಿ ಒಯ್ಯಾಕತ್ತಿ? ಮಾಸ್ತರಿಗೆ ಕೊಡು" ಎಂದು ಮಾಯಪ್ಪ ಗದರಿದ. "ಇಂಥಾ ಮನಷ್ಯಾ ನಮ್ಮ ಮನಿಗೆ ಬಂದಾನ."

ಅವಳು ತಂದು ನನ್ನ ಮುಂದೆ ಇಟ್ಟಳು. ಇನ್ನೊಮ್ಮೆ ಬಿಡಿಸಿ ಹೇಳಿದ್ದರೆ ಮಾಯಪ್ಪ ನಂಬುತ್ತಿದ್ದನೋ ಏನೋ. ನಾನು ಇನ್ನೊಮ್ಮೆ ಹೇಳಲಿಲ್ಲ. ಚಹಾ ಕುಡಿದೆ.